ತೂಬು ಕೆಟ್ಟರೆ ಗದ್ದೆ ಕೆಟ್ಟಿತೇ?

ಮನೆಗೆಲ್ಲ ಇರುವುದು ಒಂದೇ ಕಂಪ್ಯೂಟರು. ಅದರಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇಟ್ಟುಕೊಳ್ಳಬಯಸುವ ವಿದ್ಯಾರ್ಥಿಗಳಿಗೂ, ಅದನ್ನು ಕಂಡು ಗಾಬರಿಪಡುವ ತಂದೆತಾಯಿಯರಿಗೂ ಒಂದಿಷ್ಟು ತಿಳಿವಳಿಕೆ.

ಶನಿವಾರ ಸಂಜೆ ಮಂಡ್ಯದ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಮದ್ದೂರು, ಮಳವಳ್ಳಿ ಕಡೆಯ ಬಸ್ಸಿಗೆ ಕಾಯುವ ಕಾಲೇಜು ಹುಡುಗ ಹುಡುಗಿಯರ ಬೆನ್ನಿನ ಚೀಲದಲ್ಲಿ ಪುಸ್ತಕಕ್ಕಿಂತ ಭಾರವಾದದ್ದು ಲ್ಯಾಪ್‌ಟಾಪು. ಕಾಲೇಜಿನಲ್ಲಿ ಅದು ಅವರ ಸ್ವಂತದ್ದು. ಊರು ಸೇರಿದ ಮೇಲೆ ಮನೆಮಂದಿಗೆಲ್ಲ ಸೇರಿದ್ದು. ಅಪ್ಪನ ಕಬ್ಬಿನ ಲೆಕ್ಕ, ಅಮ್ಮನ ಸ್ವಸಹಾಯ ಸಂಘದ ಪಟ್ಟಿ, ತಂಗಿಯ ಪ್ರಾಜೆಕ್ಟು, ಅಜ್ಜಿ ತೀರಿಕೊಳ್ಳುವ ಮುಂಚಿನ ಯುಗಾದಿಗೆ ತೆಗೆದ ಫೋಟೊಗಳು, ಎಲ್ಲವೂ ಅದರ ಹೊಟ್ಟೆಯಲ್ಲಿರುತ್ತವೆ.

ಇಂಥದೊಂದು ಮನೆಯನ್ನು ಊಹಿಸಿಕೊಳ್ಳಿ. ಮಗ ಹಿಂದಿನ ತಿಂಗಳು ಕಾಲೇಜಿನ ಅಭ್ಯಾಸಕ್ಕೆಂದು ವಿಂಡೋಸ್ ಜೊತೆಗೆ ಲಿನಕ್ಸ್ ಹಾಕಿಕೊಂಡಿದ್ದಾನೆ. ಪರೀಕ್ಷೆ ಮುಗಿಯಿತು, ಡಿಸ್ಕಿನಲ್ಲಿ ಜಾಗ ಸಾಲದು. ಭಾನುವಾರ ಮಧ್ಯಾಹ್ನ ವಿಂಡೋಸ್‌ನಲ್ಲಿ ಕುಳಿತು ಲಿನಕ್ಸ್ ಇದ್ದ ಭಾಗವನ್ನು ಅಳಿಸಿಹಾಕುತ್ತಾನೆ. ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದರೆ ಕಪ್ಪು ಪರದೆ. ಅದರ ಮೂಲೆಯಲ್ಲಿ ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಪದ. ಬೇರೇನೂ ಇಲ್ಲ. ಮನೆಯಲ್ಲಿ ರಂಪ. ಸೋಮವಾರ ಬೆಳಿಗ್ಗೆ ಅಪ್ಪ ಅದನ್ನು ರಿಪೇರಿಗೆ ಒಯ್ಯುತ್ತಾರೆ. ‘ಫಾರ್ಮ್ಯಾಟ್ ಮಾಡಬೇಕಾಗುತ್ತದೆ’ ಎನ್ನುತ್ತಾರೆ ಅಲ್ಲಿ. ‘ಏನಾದರೂ ಮಾಡಿ, ಓಡುವಂತಾದರೆ ಸಾಕು’ ಎನ್ನುತ್ತಾರೆ ಅಪ್ಪ. ಸಂಜೆಗೆ ಲ್ಯಾಪ್‌ಟಾಪು ಹೊಸದರಂತೆ ಓಡುತ್ತದೆ. ಅಜ್ಜಿಯ ಫೋಟೊ ಮಾತ್ರ ಇಲ್ಲ.

ಈಗ ಒಂದು ಪ್ರಶ್ನೆ. ಆ ಫೋಟೊಗಳು ಹೋದದ್ದು ಯಾವತ್ತು? ಮಗ ಲಿನಕ್ಸ್ ಅಳಿಸಿದ ಭಾನುವಾರವೇ? ಅಲ್ಲ. ಭಾನುವಾರ ರಾತ್ರಿ ಅವು ಡಿಸ್ಕಿನಲ್ಲಿ ಕ್ಷೇಮವಾಗಿದ್ದವು. ಹೋದದ್ದು ಸೋಮವಾರ. ಈ ವ್ಯತ್ಯಾಸ ತಿಳಿಯಬೇಕಾದರೆ ‘ಬೂಟ್ ಲೋಡರ್’ ಎಂಬ ಪುಟ್ಟ ತಂತ್ರಾಂಶದ ಪರಿಚಯ ಬೇಕು.

ಎರಡು ಯಾಕೆ ಬೇಕು?

ಕಂಪ್ಯೂಟರಿನ ಎಲ್ಲ ಅಂಗಗಳನ್ನು ಹಿಡಿತದಲ್ಲಿಟ್ಟುಕೊಂಡು ಕೆಲಸ ಮಾಡಿಸುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ. ಅಂಗಡಿಯಿಂದ ತಂದ ಬಹುಪಾಲು ಕಂಪ್ಯೂಟರುಗಳಲ್ಲಿ ಇರುವುದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಪುಕ್ಕಟೆ ಸಿಗುತ್ತದೆ. ಅದರ ಒಳಗುಟ್ಟನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. 1990ರ ದಶಕದ ಉತ್ತರಾರ್ಧದಲ್ಲಿ ಇಂಗ್ಲಿಷ್ ಕಂಪ್ಯೂಟರ್ ಮಾಸಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳಿಂದ ನಮ್ಮ ದೇಶದ ಎಷ್ಟೋ ವಿದ್ಯಾರ್ಥಿಗಳು ಅದನ್ನು ಕಲಿತರು. ಮುಂದೆ 2011ರವರೆಗೂ ‘ಉಬುಂಟು’ ಎಂಬ ಲಿನಕ್ಸ್‌ನ ಸಿಡಿಗಳು ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತವಾಗಿ ಬರುತ್ತಿದ್ದವು.

ಮಂಡ್ಯಕ್ಕೆ 1962ರಲ್ಲೇ ಇಂಜಿನಿಯರಿಂಗ್ ಕಾಲೇಜು ಬಂತು. ಪಿಇಎಸ್ ಕಾಲೇಜಿನಲ್ಲಿ ಓದುವವರಿರಲಿ, ಬೇರೆಡೆ ಬಿಸಿಎ ಓದುವವರಿರಲಿ, ಪ್ರೋಗ್ರಾಮಿಂಗ್ ಕಲಿಯುವವರಿಗೆ ಯೂನಿಕ್ಸ್ ಅಥವಾ ಲಿನಕ್ಸ್ ಪರಿಚಯವಿಲ್ಲದೆ ಆಗುವುದಿಲ್ಲ. ಶಾಲೆಗೂ ಇದು ಹೊಸದಲ್ಲ. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ನಮ್ಮ ಶಿಕ್ಷಣ ಇಲಾಖೆಯ ಜೊತೆ 2010ರ ದಶಕದಲ್ಲಿ ನಡೆಸಿದ ‘ವಿಷಯ ಶಿಕ್ಷಕರ ವೇದಿಕೆ’ಯಲ್ಲಿ ಪ್ರೌಢಶಾಲಾ ಮೇಷ್ಟ್ರುಗಳು ಉಬುಂಟುವಿನಲ್ಲೇ ತರಬೇತಿ ಪಡೆದರು. ಪಕ್ಕದ ಕೇರಳದ ಶಾಲೆಗಳು ಲಿನಕ್ಸ್ ಹಿಡಿದು ಹತ್ತಾರು ವರ್ಷಗಳಾದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಪಾಠ ಕಲಿಯುವುದೂ ಅದರಲ್ಲೇ.

ಹಾಗಾದರೆ ವಿಂಡೋಸ್ ತೆಗೆದೇ ಹಾಕಿಬಿಡಬಹುದಲ್ಲ ಎನ್ನಬಹುದು. ಅವಸರ ಬೇಡ. ಅಪ್ಪನ ಹಳೆಯ ಪತ್ರಗಳು ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಟೈಪಾಗಿರಬಹುದು. ಯೂನಿಕೋಡ್‌ಗೆ ಮುಂಚಿನ ಆ ಫೈಲುಗಳನ್ನು ಲಿನಕ್ಸ್‌ನಲ್ಲಿ ಹಾಗೆಯೇ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುವುದುಂಟು. ಲೆಕ್ಕಪತ್ರದ ತಂತ್ರಾಂಶವೂ ವಿಂಡೋಸನ್ನೇ ಬೇಡಬಹುದು. ಮನೆಗೆ ವಿಂಡೋಸ್ ಬೇಕು, ಮಗನಿಗೋ ಮಗಳಿಗೋ ಲಿನಕ್ಸ್ ಬೇಕು, ಇನ್ನೊಂದು ಯಂತ್ರಕ್ಕೆ ದುಡ್ಡಿಲ್ಲ. ಎರಡನ್ನೂ ಒಂದರಲ್ಲೇ ಇಡುವ ಉಪಾಯ ಹುಟ್ಟಿದ್ದು ಇಂಥ ಅಗತ್ಯದಿಂದ.

ನೀರುಗಂಟಿಯ ಕೆಲಸ

ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗ ದಾಟಿ ಮುಂದೆ ಕವಲೊಡೆಯುವುದು ನಮ್ಮ ಜಿಲ್ಲೆಯವರಿಗೆ ಗೊತ್ತಿದ್ದದ್ದೇ. ಕವಲಿನಿಂದ ಕಾಲುವೆ, ಕಾಲುವೆಯಿಂದ ತೂಬು, ತೂಬಿನಿಂದ ಗದ್ದೆ. ಯಾವ ತೂಬನ್ನು ಎತ್ತಬೇಕು ಎಂದು ನೋಡಿಕೊಳ್ಳುವವನು ನೀರುಗಂಟಿ. ಭತ್ತ ಬೆಳೆಯುವವನು ಅವನಲ್ಲ, ಕಬ್ಬು ಬೆಳೆಯುವವನೂ ಅವನಲ್ಲ. ಆದರೆ ಅವನು ಬರದಿದ್ದರೆ ಎರಡಕ್ಕೂ ನೀರಿಲ್ಲ.

ಕಂಪ್ಯೂಟರಿನ ಗುಂಡಿ ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಪುಟ್ಟ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಇದರ ಹೆಸರು ‘ಬಯಾಸ್’, ಹೊಸದರಲ್ಲಿ ‘ಯುಇಎಫ್‌ಐ’. ಕೀಲಿಮಣೆ, ಮೆಮೊರಿ, ಡಿಸ್ಕ್ ಎಲ್ಲವೂ ಇವೆಯೇ ಎಂದು ಅದು ನೋಡಿಕೊಳ್ಳುತ್ತದೆ. ಆಮೇಲೆ ಬೂಟ್ ಲೋಡರನ್ನು ಹುಡುಕಿ ಅದರ ಕೈಗೆ ಕೆಲಸ ಒಪ್ಪಿಸುತ್ತದೆ. ಬೂಟ್ ಲೋಡರ್ ಡಿಸ್ಕಿನಲ್ಲಿ ಮಲಗಿರುವ ಆಪರೇಟಿಂಗ್ ಸಿಸ್ಟಂನ ತಿರುಳನ್ನು ಮೆಮೊರಿಗೆ ತಂದು ಎಬ್ಬಿಸುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಡಿಸ್ಕಿನಲ್ಲಿ ಎರಡು ವ್ಯವಸ್ಥೆಗಳಿದ್ದರೆ ‘ಯಾವುದನ್ನು ಎಬ್ಬಿಸಲಿ?’ ಎಂದು ಪಟ್ಟಿಯೊಂದನ್ನು ಮುಂದಿಡುತ್ತದೆ. ಇದೇ ನಮ್ಮ ನೀರುಗಂಟಿ.

ಲಿನಕ್ಸ್‌ನ ಆರಂಭದ ವರ್ಷಗಳಲ್ಲಿ ಈ ಕೆಲಸಕ್ಕೆ ‘ಲಿಲೊ’ ಎಂಬುದಿತ್ತು. ಅದು ಒಂದೊಂದು ಹಂತ ದಾಟಿದಾಗಲೂ ತನ್ನ ಹೆಸರಿನ ಒಂದೊಂದು ಅಕ್ಷರವನ್ನು ಪರದೆಯ ಮೇಲೆ ಮೂಡಿಸುತ್ತಿತ್ತು. ‘ಎಲ್, ಐ’ ಎಂದಷ್ಟೇ ಬರೆದು ನಿಂತರೆ ಎಲ್ಲಿ ಎಡವಿತು ಎಂಬುದು ಬಲ್ಲವರಿಗೆ ತಿಳಿಯುತ್ತಿತ್ತು. 1995ರಲ್ಲಿ ಎರಿಕ್ ಬೋಲಿನ್ ಆರಂಭಿಸಿದ ‘ಗ್ರಬ್’ ಮುಂದೆ ಅದರ ಜಾಗಕ್ಕೆ ಬಂತು. ಇಂದು ಹೆಚ್ಚಿನ ಲಿನಕ್ಸ್‌ಗಳಲ್ಲಿ ಇರುವುದು ಇದರ ಎರಡನೆಯ ಅವತಾರ. ವಿಂಡೋಸ್‌ಗೂ ಸ್ವಂತ ಲೋಡರ್ ಇದೆ. ಆದರೆ ಅದು ತನ್ನ ಮನೆಯವರನ್ನು ಬಿಟ್ಟು ಬೇರೆಯವರನ್ನು ತಾನಾಗಿ ವಿಚಾರಿಸುವುದಿಲ್ಲ. ಗ್ರಬ್ ಹಾಗಲ್ಲ. ವಿಂಡೋಸ್ ಆರಿಸಿದರೆ ವಿಂಡೋಸ್‌ನ ಲೋಡರನ್ನೇ ಕರೆದು ಕೆಲಸ ಒಪ್ಪಿಸಿ ತಾನು ಪಕ್ಕಕ್ಕೆ ಸರಿಯುತ್ತದೆ.

512 ಬೈಟಿನ ಪಾಲುಪಟ್ಟಿ

ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳೇ ಎಲ್ಲಕ್ಕೂ ಆಧಾರ. ಅದರಲ್ಲಿ ಲೋಡರಿನ ಮೊದಲ ತುಣುಕಿಗೆ 446 ಬೈಟು. ಡಿಸ್ಕನ್ನು ಹೇಗೆ ಪಾಲು ಮಾಡಿದೆ ಎಂಬ ಪಟ್ಟಿಗೆ 64 ಬೈಟು, ಒಂದೊಂದು ಪಾಲಿಗೆ 16ರಂತೆ ನಾಲ್ಕು ಪಾಲು. ಕೊನೆಯ 2 ಬೈಟು ಮೊಹರು. 446 ಬೈಟಿನಲ್ಲಿ ಇಡೀ ಗ್ರಬ್ ಹಿಡಿಸುವುದಿಲ್ಲವಾದ್ದರಿಂದ ಉಳಿದ ಭಾಗ ಲಿನಕ್ಸ್‌ನ ಪಾಲಿನಲ್ಲಿರುತ್ತದೆ. ನಮ್ಮ ಕಥೆಯ ಹುಡುಗ ಲಿನಕ್ಸ್ ಪಾಲನ್ನು ಅಳಿಸಿದಾಗ ಆದದ್ದು ಇದೇ. ನೀರುಗಂಟಿ ಕೆಲಸಕ್ಕೆ ಬಂದ, ಅವನ ಸಾಮಾನಿನ ಕೊಠಡಿಯೇ ಮಾಯವಾಗಿತ್ತು. ಗದ್ದೆಯ ಬಾಂದುಗಲ್ಲು ಕದಲಿಲ್ಲ, ವಿಂಡೋಸ್ ಪಾಲಿನ ಒಂದು ಪೈರೂ ಒಣಗಿಲ್ಲ. ತೂಬು ಎತ್ತುವವರಿಲ್ಲ, ಅಷ್ಟೆ.

2012ರಲ್ಲಿ ವಿಂಡೋಸ್ 8 ಬಂದ ಮೇಲಿನ ಯಂತ್ರಗಳಲ್ಲಿ ಪದ್ಧತಿ ಸುಧಾರಿಸಿದೆ. ಡಿಸ್ಕಿನಲ್ಲಿ ಲೋಡರುಗಳಿಗೆಂದೇ ಒಂದು ಪುಟ್ಟ ಪಾಲು ಇರುತ್ತದೆ. ಅದರಲ್ಲಿ ವಿಂಡೋಸ್‌ಗೆ ಒಂದು ಕಡತಕೋಶ, ಉಬುಂಟುವಿಗೆ ಇನ್ನೊಂದು. ಒಂದರ ಮೇಲೊಂದು ಬರೆಯುವ ಪ್ರಮೇಯವಿಲ್ಲ. ಯಾರನ್ನು ಮೊದಲು ಕರೆಯಬೇಕೆಂಬ ಸರದಿ ಮದರ್‌ಬೋರ್ಡಿನ ನೆನಪಿನಲ್ಲಿರುತ್ತದೆ. ವಿಂಡೋಸ್ ದೊಡ್ಡದೊಂದು ಅಪ್‌ಡೇಟ್ ಮಾಡಿಕೊಂಡ ಬಳಿಕ ಲಿನಕ್ಸ್ ಕಾಣೆಯಾಯಿತೆಂದು ಹುಡುಗರು ಹೌಹಾರುವುದುಂಟು. ಎಷ್ಟೋ ಸಲ ಬದಲಾಗಿರುವುದು ಈ ಸರದಿ ಮಾತ್ರ.

ಶುರುವಿಗೆ ಮುಂಚೆ

ಹಾಗಾದರೆ ಅಪಾಯವೇ ಇಲ್ಲವೇ? ಇದೆ. ಅದು ಲೋಡರಿನಲ್ಲಿಲ್ಲ, ಡಿಸ್ಕನ್ನು ಪಾಲು ಮಾಡುವ ಹೊತ್ತಿನಲ್ಲಿದೆ. ಆದ್ದರಿಂದ ಈ ಕೆಲಸಗಳು ಮೊದಲು ಮುಗಿಯಲಿ.

ಒಂದು: ನಕಲು. ಮನೆಯವರೆಲ್ಲ ಕುಳಿತು ಯಂತ್ರದಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿ. ಪಹಣಿ ಮತ್ತೆ ಸಿಗುತ್ತದೆ, ಅಂಕಪಟ್ಟಿಯ ಪ್ರತಿಯೂ ಸಿಕ್ಕೀತು. ಅಜ್ಜಿಯ ಫೋಟೊ ಸಿಗುವುದಿಲ್ಲ. ಮತ್ತೆ ಸಿಗದವನ್ನು ಬೇರೆ ಪೆನ್‌ಡ್ರೈವಿಗೋ ಹೊರಗಿನ ಡಿಸ್ಕಿಗೋ ನಕಲು ಮಾಡಿ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆದು ನೋಡದ ನಕಲು ನಕಲಲ್ಲ. ಲಿನಕ್ಸ್ ಅನುಸ್ಥಾಪನೆಗೆ ಬಳಸುವ ಪೆನ್‌ಡ್ರೈವು ಪೂರ್ತಿ ಅಳಿಸಿಹೋಗುತ್ತದೆ. ಆದ್ದರಿಂದ ಇದು ಬೇರೆ, ಅದು ಬೇರೆ.

ಎರಡು: ಬೀಗದ ಕೈ. ಹೊಸ ವಿಂಡೋಸ್‌ಗಳು ‘ಬಿಟ್‌ಲಾಕರ್’ ಎಂಬ ಬೀಗದಿಂದ ಇಡೀ ಡಿಸ್ಕನ್ನು ಗೂಢಲಿಪಿಗೆ ಬದಲಿಸಿರುತ್ತವೆ, ಎಷ್ಟೋ ಸಲ ಮನೆಯವರಿಗೆ ತಿಳಿಯದಂತೆಯೇ. ಬೂಟ್ ಕ್ರಮ ಬದಲಾದರೆ ಅದು ಅನುಮಾನಪಟ್ಟು 48 ಅಂಕೆಗಳ ಕೀಲಿಯನ್ನು ಕೇಳಬಹುದು. ಆ ಕೀಲಿ ಸಾಮಾನ್ಯವಾಗಿ ಯಂತ್ರಕ್ಕೆ ಜೋಡಿಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಅದನ್ನು ಮೊದಲೇ ಕಾಗದದ ಮೇಲೆ ಬರೆದಿಡಿ. ಕೀಲಿಯಿಲ್ಲದಿದ್ದರೆ ಯಾವ ತಜ್ಞರೂ ಫೋಟೊ ತೆಗೆದುಕೊಡಲಾರರು.

ಮೂರು: ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯವನ್ನು ನಿಲ್ಲಿಸಿ. ಇದು ಚಾಲೂ ಇದ್ದರೆ ಯಂತ್ರ ಆರಿದಂತೆ ಕಂಡರೂ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ. ಅಂಥ ಹೊತ್ತಿನಲ್ಲಿ ಲಿನಕ್ಸ್ ಅದರ ಪಾಲಿಗೆ ಏನಾದರೂ ಬರೆದರೆ ಫೈಲು ಕೆಡುವ ಭಯವಿದೆ.

ನಾಲ್ಕು: ಕರೆಂಟು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರ ಮಳವಳ್ಳಿ ತಾಲ್ಲೂಕಿನದೇ. ಆದರೂ ಆ ತಾಲ್ಲೂಕಿನಲ್ಲೂ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಪಾಲು ಕಿರಿದುಗೊಳಿಸುವ ನಡುವೆ ಯಂತ್ರ ಆರಿದರೆ ಡಿಸ್ಕಿನಲ್ಲಿದ್ದದ್ದು ಅಸ್ತವ್ಯಸ್ತವಾಗಬಹುದು. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಲಿ. ಮೇಜಿನ ಕಂಪ್ಯೂಟರಾದರೆ ಯುಪಿಎಸ್ ಇರಲಿ.

ಪಾಲು ಮಾಡುವ ಹೊತ್ತು

ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ ಎಂಬುದು ಹಳೆಯ ಯಂತ್ರಗಳಲ್ಲಿ ಖಡಾಖಂಡಿತ ನಿಯಮ. ಹಿಂದುಮುಂದಾದರೆ ವಿಂಡೋಸ್ ಗ್ರಬ್‌ನ ಮೇಲೆ ತನ್ನದನ್ನು ಬರೆದುಬಿಡುತ್ತದೆ. ಹೊಸದರಲ್ಲೂ ಇದೇ ಕ್ರಮ ಸಲೀಸು.

ವಿಂಡೋಸ್‌ನ ಪಾಲನ್ನು ವಿಂಡೋಸ್‌ನ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಮೂಲಕವೇ ಕಿರಿದುಗೊಳಿಸಿ. ತನ್ನ ಮನೆಯ ಸಾಮಾನು ಎಲ್ಲಿದೆಯೆಂದು ಅದಕ್ಕೇ ಚೆನ್ನಾಗಿ ಗೊತ್ತು. ವಿದ್ಯಾರ್ಥಿಯ ಅಭ್ಯಾಸಕ್ಕೆ 40ರಿಂದ 50 ಜಿಬಿ ಬಿಟ್ಟರೆ ಸಾಕು. ಬಿಟ್ಟ ಜಾಗಕ್ಕೆ ಯಾವ ಹೆಸರನ್ನೂ ಕೊಡದೆ ಖಾಲಿ ಇಡಿ.

ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಲು ಯಂತ್ರ ಏಳುವಾಗ ಎಫ್2, ಎಫ್9, ಎಫ್12 ಅಥವಾ ಎಸ್ಕೇಪ್ ಕೀಲಿ ಒತ್ತಬೇಕು. ಯಾವುದೆಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಮೊದಲು ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವಿನಲ್ಲೇ ಒಂದು ಗಂಟೆ ಬಳಸಿ ನೋಡಿ. ವೈಫೈ, ಧ್ವನಿ, ಪರದೆ ಎಲ್ಲ ಸರಿಯಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಅನುಸ್ಥಾಪನೆಯ ಮಧ್ಯೆ ಒಂದು ಪ್ರಶ್ನೆ ಬರುತ್ತದೆ: ‘ವಿಂಡೋಸ್ ಜೊತೆಯಲ್ಲಿ ಸ್ಥಾಪಿಸು’ ಅಥವಾ ‘ಡಿಸ್ಕ್ ಅಳಿಸಿ ಸ್ಥಾಪಿಸು’. ಇಡೀ ಕೆಲಸದಲ್ಲಿ ಉಸಿರು ಬಿಗಿಹಿಡಿದು ಓದಬೇಕಾದ ಸಾಲು ಇದೇ. ಎರಡನೆಯದನ್ನು ಒತ್ತಿದರೆ ಹೋದದ್ದು ಹೋದಂತೆಯೇ. ಮೊದಲನೆಯ ಆಯ್ಕೆ ಕಾಣದೇ ಇದ್ದರೆ, ಅಥವಾ ಡಿಸ್ಕೇ ಕಾಣದಿದ್ದರೆ, ಊಹೆಯ ಮೇಲೆ ಮುಂದುವರಿಯದೆ ಹೊರಬನ್ನಿ. ಕಾಲೇಜಿನ ಲ್ಯಾಬಿನಲ್ಲಿ ಬಲ್ಲವರನ್ನು ಕೇಳಿ ಮರುದಿನ ಮಾಡಿದರೆ ಗಂಟೇನೂ ಹೋಗುವುದಿಲ್ಲ.

ಮದ್ದೂರಿನಲ್ಲಿ ರೈಲು ನಿಂತಷ್ಟು ಹೊತ್ತು

ಯಂತ್ರ ಚಾಲೂ ಆದೊಡನೆ ಗ್ರಬ್‌ನ ಪಟ್ಟಿ ಕೆಲವೇ ಸೆಕೆಂಡು ಕಾಯುತ್ತದೆ. ಮದ್ದೂರು ಸ್ಟೇಷನ್ನಿನಲ್ಲಿ ರೈಲು ನಿಂತಾಗ ವಡೆ ಕೊಳ್ಳುವವರ ಹಾಗೆ, ಅಷ್ಟರಲ್ಲಿ ಆರಿಸಿಕೊಂಡರೆ ಸರಿ. ಇಲ್ಲದಿದ್ದರೆ ಅದು ಪಟ್ಟಿಯ ಮೊದಲನೆಯದನ್ನು, ಅಂದರೆ ಲಿನಕ್ಸನ್ನು, ಎಬ್ಬಿಸಿ ಹೊರಟುಬಿಡುತ್ತದೆ. ವಿಂಡೋಸ್ ಬಯಸಿ ಕುಳಿತ ಅಮ್ಮನಿಗೆ ಅಪರಿಚಿತ ಪರದೆ ಎದುರಾಗುತ್ತದೆ. ಮನೆಯಲ್ಲಿ ಅಸಮಾಧಾನ ಶುರುವಾಗುವುದು ಇಲ್ಲಿಂದಲೇ. ಅದನ್ನು ತಪ್ಪಿಸುವುದು ಕಷ್ಟವಲ್ಲ.

ಲಿನಕ್ಸ್‌ನಲ್ಲಿ ‘ಇಟಿಸಿ’ ಕಡತಕೋಶದೊಳಗೆ ‘ಡಿಫಾಲ್ಟ್’, ಅದರೊಳಗೆ ‘ಗ್ರಬ್’ ಎಂಬ ಪುಟ್ಟ ಫೈಲಿದೆ. ಅದರ ಮೊದಲ ಪ್ರತಿಯನ್ನು ನಕಲು ಮಾಡಿಟ್ಟು ತೆರೆಯಿರಿ. ‘ಗ್ರಬ್ ಟೈಮೌಟ್’ ಎಂಬಲ್ಲಿರುವುದು ಕಾಯುವ ಸೆಕೆಂಡು; ಮನೆಯ ಹಿರಿಯರು ಬಳಸುವುದಾದರೆ 20 ಇಡಿ. ‘ಗ್ರಬ್ ಡಿಫಾಲ್ಟ್’ ಎಂಬಲ್ಲಿರುವುದು ಯಾರೂ ಆರಿಸದಿದ್ದಾಗ ಎಬ್ಬಿಸಬೇಕಾದದ್ದರ ಸಂಖ್ಯೆ. ಎಣಿಕೆ ಸೊನ್ನೆಯಿಂದ ಆರಂಭ. ಪಟ್ಟಿಯಲ್ಲಿ ವಿಂಡೋಸ್ ಮೂರನೆಯದಾಗಿದ್ದರೆ 2 ಎಂದು ಬರೆಯಬೇಕು. ಪಟ್ಟಿ ಕಾಣಿಸದೆ ಅಡಗಿದ್ದರೆ ‘ಟೈಮೌಟ್ ಸ್ಟೈಲ್’ ಎಂಬುದನ್ನು ‘ಮೆನು’ ಎಂದು ಬದಲಿಸಿ. ಬರೆದ ಮೇಲೆ ಟರ್ಮಿನಲ್‌ನಲ್ಲಿ ‘ಸುಡೊ ಅಪ್‌ಡೇಟ್-ಗ್ರಬ್’ ಆಜ್ಞೆ ಕೊಟ್ಟರೆ ಮಾತ್ರ ಅದು ಜಾರಿಗೆ ಬರುತ್ತದೆ. ಬೇರೆಡೆ ಇರುವ ‘ಗ್ರಬ್ ಸಿಎಫ್‌ಜಿ’ ಫೈಲನ್ನು ನೇರವಾಗಿ ತಿದ್ದಬೇಡಿ. ಮುಂದಿನ ಅಪ್‌ಡೇಟಿನಲ್ಲಿ ಆ ತಿದ್ದುಪಡಿ ಅಳಿಸಿಹೋಗುತ್ತದೆ.

2021ರ ಗ್ರಬ್ 2.06ರಿಂದ ಬೇರೆ ವ್ಯವಸ್ಥೆಗಳನ್ನು ತಾನಾಗಿ ಹುಡುಕುವ ‘ಓಎಸ್ ಪ್ರೋಬರ್’ ಸೌಲಭ್ಯ ಮೂಲದಲ್ಲೇ ನಿಂತಿದೆ. ಪಟ್ಟಿಯಲ್ಲಿ ವಿಂಡೋಸ್ ಹೆಸರೇ ಇಲ್ಲದಿದ್ದರೆ ಗಾಬರಿ ಬೇಡ. ಅದೇ ಫೈಲಿನಲ್ಲಿ ‘ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್’ ಎಂಬುದನ್ನು ‘ಫಾಲ್ಸ್’ ಎಂದು ಮಾಡಿ ಮತ್ತೆ ಅಪ್‌ಡೇಟ್ ಕೊಡಿ.

ಇನ್ನೊಂದು ವಿಚಿತ್ರ. ಲಿನಕ್ಸ್ ಬಳಸಿ ವಿಂಡೋಸ್‌ಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದಿರುವುದುಂಟು. ಯಂತ್ರ ಕೆಟ್ಟಿಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯವನ್ನು ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಜಾಗತಿಕ ಸಮಯಕ್ಕೂ ನಮ್ಮ ಸಮಯಕ್ಕೂ ಇರುವ ಅಂತರವೇ ಐದೂವರೆ ಗಂಟೆ. ಸ್ಥಳೀಯ ಸಮಯವನ್ನೇ ಬಳಸುವಂತೆ ಲಿನಕ್ಸ್‌ಗೆ ಹೇಳಿದರೆ ಇಬ್ಬರಿಗೂ ರಾಜಿಯಾಗುತ್ತದೆ.

ಪರದೆ ಕಪ್ಪಾದಾಗ

ಈಗ ನಮ್ಮ ಕಥೆಯ ಭಾನುವಾರಕ್ಕೆ ಮರಳೋಣ. ಹೊಸ ಮಾದರಿಯ ಯಂತ್ರವಾಗಿದ್ದರೆ ಆ ಹುಡುಗ ಮಾಡಬೇಕಾದ್ದು ಇಷ್ಟೇ: ಆರಿಸಿ, ಮತ್ತೆ ಚಾಲೂ ಮಾಡುವಾಗ ಬೂಟ್ ಪಟ್ಟಿಯ ಕೀಲಿ ಒತ್ತಿ, ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸುವುದು. ವಿಂಡೋಸ್ ಎಂದಿನಂತೆ ಏಳುತ್ತದೆ. ಹಳೆಯ ಮಾದರಿಯದಾದರೆ ವಿಂಡೋಸ್ ಅನುಸ್ಥಾಪನೆಯ ಡಿಸ್ಕಿನಿಂದ ದುರಸ್ತಿ ವಿಭಾಗಕ್ಕೆ ಹೋಗಿ ಆ ಮೊದಲ 446 ಬೈಟನ್ನು ಮತ್ತೆ ಬರೆಸಬೇಕು. ‘ಬೂಟ್‌ರೆಕ್’ ಎಂಬ ಆಜ್ಞೆ ಇರುವುದು ಇದಕ್ಕೇ. ಇನ್ನು ಹೋದದ್ದು ಗ್ರಬ್ ಮಾತ್ರವಾಗಿದ್ದು ಲಿನಕ್ಸ್ ಉಳಿದಿದ್ದರೆ, ಅನುಸ್ಥಾಪನೆಯ ಪೆನ್‌ಡ್ರೈವಿನಿಂದಲೇ ಯಂತ್ರ ಎಬ್ಬಿಸಿ ಗ್ರಬ್ಬನ್ನು ಮರುಸ್ಥಾಪಿಸಬಹುದು. ಆ ಪೆನ್‌ಡ್ರೈವನ್ನು ಕೆಲಸ ಮುಗಿಯಿತೆಂದು ಅಳಿಸಬೇಡಿ.

ಲಿನಕ್ಸ್ ಬೇಡವಾದ ದಿನವೂ ಕ್ರಮ ಇದೇ: ಮೊದಲು ವಿಂಡೋಸ್‌ನ ಲೋಡರನ್ನು ಮುಂದಕ್ಕೆ ತಂದು, ಅದು ತಾನಾಗಿ ಏಳುತ್ತದೆಂದು ಖಚಿತಪಡಿಸಿಕೊಳ್ಳಿ. ಪಾಲು ಅಳಿಸುವುದು ಆಮೇಲೆ.

ತಂದೆತಾಯಿಯರಿಗೆ ಒಂದು ಮಾತು. ಕಪ್ಪು ಪರದೆ ಕಂಡಾಗ ಮಗುವನ್ನು ಗದರುವ ಮುಂಚೆ ‘ಫೈಲುಗಳು ಹೋಗಿವೆಯೋ, ದಾರಿ ಮಾತ್ರ ಮುಚ್ಚಿದೆಯೋ?’ ಎಂದು ಕೇಳಿ. ರಿಪೇರಿಗೆ ಕೊಡುವುದಾದರೆ ಚೀಟಿಯ ಮೇಲೆ ಬರೆದುಕೊಡಿ: ಮೊದಲು ಫೈಲುಗಳನ್ನು ಹೊರತೆಗೆಯಬೇಕು, ಕೇಳದೆ ಫಾರ್ಮ್ಯಾಟ್ ಮಾಡಬಾರದು. ಪೆನ್‌ಡ್ರೈವಿನ ಲಿನಕ್ಸ್‌ನಿಂದ ಯಂತ್ರ ಎಬ್ಬಿಸಿ, ಬಿಟ್‌ಲಾಕರ್ ಇದ್ದರೆ ಅದರ ಕೀಲಿ ಕೊಟ್ಟು, ವಿಂಡೋಸ್ ಪಾಲಿನ ಫೋಟೊಗಳನ್ನು ನಕಲು ಮಾಡಿಕೊಳ್ಳುವುದು ಬಲ್ಲವರಿಗೆ ದೊಡ್ಡ ಕೆಲಸವಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. ನಾಲ್ಕು ಪ್ರೋಗ್ರಾಂ ಬರೆಯುವುದಷ್ಟೇ ನಿಮ್ಮ ಅಗತ್ಯವಾದರೆ ಡಿಸ್ಕನ್ನು ಪಾಲು ಮಾಡಲೇಬೇಕೆಂದಿಲ್ಲ. ವಿಂಡೋಸ್‌ನೊಳಗೇ ಲಿನಕ್ಸ್ ನಡೆಸುವ ಸೌಲಭ್ಯವನ್ನು ಮೈಕ್ರೋಸಾಫ್ಟ್ 2016ರಲ್ಲಿ ತಂದಿತು. ‘ವರ್ಚುವಲ್‌ಬಾಕ್ಸ್’ನಂಥ ಉಚಿತ ತಂತ್ರಾಂಶಗಳೂ ಇವೆ. ಆದರೆ ಹಳೆಯ, ಮೆಮೊರಿ ಕಡಿಮೆಯಿರುವ ಯಂತ್ರಕ್ಕೆ ಒಂದರೊಳಗೊಂದು ಓಡಿಸುವುದು ಹೊರೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ವಿಂಡೋಸ್ 11 ಬೇಡುವ ಸುರಕ್ಷಾ ಚಿಪ್ಪು ಎಷ್ಟೋ ಹಳೆಯ ಲ್ಯಾಪ್‌ಟಾಪುಗಳಲ್ಲಿಲ್ಲ. ಅಂಥವಕ್ಕೆ ಇಂಟರ್‌ನೆಟ್ ಕೆಲಸಕ್ಕೆ ಲಿನಕ್ಸ್, ಹಳೆಯ ಕಡತಗಳಿಗೆ ವಿಂಡೋಸ್ ಎಂದು ಎರಡನ್ನೂ ಇಟ್ಟುಕೊಂಡರೆ ಇನ್ನೂ ಕೆಲವು ವರ್ಷ ದುಡಿಯುತ್ತವೆ.

ಕೊನೆಗೆ, ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಲ್ಯಾಪ್‌ಟಾಪಿನ ಚೀಲದಲ್ಲಿಡಿ: ಬೂಟ್ ಪಟ್ಟಿಯ ಕೀಲಿ ಯಾವುದು, ನಕಲು ಮಾಡಿದ ದಿನಾಂಕ ಯಾವುದು, ಯಾವ ಪಾಲು ಯಾವ ವ್ಯವಸ್ಥೆಯದು, ಅನುಸ್ಥಾಪನೆಯ ಪೆನ್‌ಡ್ರೈವು ಎಲ್ಲಿದೆ. ಬಿಟ್‌ಲಾಕರ್ ಕೀಲಿಯ ಕಾಗದ ಮಾತ್ರ ಚೀಲದಲ್ಲಿ ಬೇಡ. ಮನೆಯ ಬೀರುವಿನಲ್ಲಿ, ಜಮೀನಿನ ಪತ್ರಗಳ ಪಕ್ಕದಲ್ಲಿರಲಿ.